ಕೊಡೈಕೆನಾಲ್‌ಗೆ ಕಾರೇ ಬೇಕಾ? ವೇದಸಂದೂರು, ದಿಂಡಿಗಲ್, ಪಳನಿ ದಾರಿಯ ಬಸ್-ರೈಲು ಲೆಕ್ಕಾಚಾರ

ಪೆರ್ನಾಲ್ ಮುಗಿದ ಮರುದಿನ ಅಥವಾ ಮಕ್ಕಳ ಪರೀಕ್ಷೆ ಮುಗಿದ ವಾರ ಕರಾವಳಿಯ ಹೆಚ್ಚಿನ ಮನೆಗಳಲ್ಲಿ ಬರುವ ಮಾತು ಒಂದೇ, "ಈ ಸಲ ಎಲ್ಲಿಗೆ?" ಊಟಿ ಆಗಿರುತ್ತದೆ, ಮುನ್ನಾರ್ ಆಗಿರುತ್ತದೆ. 2024ರ ಫೆಬ್ರವರಿಯಲ್ಲಿ 'ಮಂಜುಮ್ಮೆಲ್ ಬಾಯ್ಸ್' ಸಿನಿಮಾ ಬಂದ ಮೇಲೆ ಯುವಕರ ಬಾಯಲ್ಲಿ ಕೊಡೈಕೆನಾಲ್ ಹೆಸರು ಹೆಚ್ಚಾಗಿ ಕೇಳಿಬರುತ್ತಿದೆ. ಅಲ್ಲಿಂದ ಮುಂದಿನ ಮಾತು ಕೂಡ ಹೆಚ್ಚುಕಡಿಮೆ ಗೊತ್ತಿದ್ದದ್ದೇ: ಇನ್ನೋವಾ ಮಾಡುವುದಾ, ಟಿಟಿ ಮಾಡುವುದಾ?

ಬಸ್ಸು, ರೈಲಿನ ಮಾತು ಯಾರೂ ಎತ್ತುವುದಿಲ್ಲ. ಎತ್ತಬೇಕಾದ ಕಾಲ ಈಗ ಬಂದಿದೆ.

ಕಾರಣ ಸರಳ. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ಊಟಿ ಮತ್ತು ಕೊಡೈಕೆನಾಲ್‌ಗೆ ಹೋಗುವ ಪ್ರವಾಸಿ ವಾಹನಗಳಿಗೆ ಇ-ಪಾಸ್ ಕಡ್ಡಾಯವಾಯಿತು. ಮೊದಲ ವರ್ಷ ಅದು ಬರೀ ನೋಂದಣಿಯಾಗಿತ್ತು, ಅರ್ಜಿ ಹಾಕಿದವರಿಗೆಲ್ಲ ಪಾಸ್ ಸಿಗುತ್ತಿತ್ತು. 2025ರ ಏಪ್ರಿಲ್ 1ರಿಂದ ಜೂನ್ ತನಕದ ಸೀಸನ್‌ಗೆ ನ್ಯಾಯಾಲಯ ಲೆಕ್ಕವನ್ನೇ ಕಟ್ಟಿಹಾಕಿತು: ಕೊಡೈಕೆನಾಲ್‌ಗೆ ವಾರದ ದಿನಗಳಲ್ಲಿ 4,000 ವಾಹನ, ಶನಿವಾರ ಮತ್ತು ಭಾನುವಾರ 6,000 ವಾಹನ. ಅದಕ್ಕಿಂತ ಹೆಚ್ಚಿಗೆ ಪಾಸ್ ಕೊಡುವಂತಿಲ್ಲ. ಬೆಟ್ಟ ಎಷ್ಟು ವಾಹನ ತಾಳಬಲ್ಲದು ಅಂತ ಅಧ್ಯಯನ ಮಾಡುವ ಕೆಲಸ ಐಐಟಿ ಮದ್ರಾಸ್ ಮತ್ತು ಐಐಎಂ ಬೆಂಗಳೂರಿನ ಪಾಲಿಗೆ ಬಂತು.

ಈ ನಿಯಮದಲ್ಲಿ ಒಂದು ವಿನಾಯಿತಿ ಉಂಟು. ಸರಕಾರಿ ಬಸ್‌ನಲ್ಲಿ ಹೋಗುವವರಿಗೆ ಇ-ಪಾಸ್ ಬೇಡ. ಸ್ಥಳೀಯರ ವಾಹನಗಳಿಗೂ ಈ ಮಿತಿ ಇಲ್ಲ. ಅಂದರೆ ಶನಿವಾರದ ಪಾಸ್ ಮುಗಿದುಹೋಗಿದ್ದರೂ ದಿಂಡಿಗಲ್ಲಿನಲ್ಲಿ ಬಸ್ ಹತ್ತಿದ ಕುಟುಂಬ ಮಧ್ಯಾಹ್ನದೊಳಗೆ ಕೆರೆಯ ದಡದಲ್ಲಿರಬಹುದು. ಮಂಗಳೂರಿನಿಂದ ರಾತ್ರಿಯಿಡೀ ಕಾರು ಓಡಿಸಿ ಬಂದವರು ಪಾಸ್ ಇಲ್ಲದೆ ಟೋಲ್ ಗೇಟ್ ಎದುರು ನಿಲ್ಲಬಹುದು.

ಮೊದಲು ಆರಿಸಬೇಕಾದ್ದು ಕೆಳಗಿನ ಊರು

ಕೊಡೈಕೆನಾಲ್ ಇರುವುದು ದಿಂಡಿಗಲ್ ಜಿಲ್ಲೆಯಲ್ಲಿ, ಪಳನಿ ಬೆಟ್ಟಸಾಲಿನ ಮೇಲೆ, ಸಮುದ್ರಮಟ್ಟದಿಂದ ಸುಮಾರು 7,000 ಅಡಿ ಎತ್ತರದಲ್ಲಿ. ಊಟಿಗೆ ಇರುವ ಹಾಗೆ ಮೇಲೆ ಹತ್ತುವ ಪುಟ್ಟ ರೈಲು ಇಲ್ಲಿಲ್ಲ. ಹೆಸರಿನಲ್ಲಿ 'ಕೊಡೈಕೆನಾಲ್ ರೋಡ್' ಅಂತ ಒಂದು ರೈಲು ನಿಲ್ದಾಣ ಇದೆ. ಅದನ್ನು ನೋಡಿ ಮೋಸ ಹೋಗುವವರು ಬಹಳ. ಆ ನಿಲ್ದಾಣ ಇರುವುದು ಬಯಲಿನ ಅಮ್ಮಯನಾಯಕ್ಕನೂರಿನಲ್ಲಿ, ದಿಂಡಿಗಲ್-ಮಧುರೈ ಹಳಿಯ ಮೇಲೆ. ಅಲ್ಲಿಂದ ಬೆಟ್ಟದ ಊರಿಗೆ ಇನ್ನೂ ಸುಮಾರು 80 ಕಿ.ಮೀ. ಉಳಿದಿರುತ್ತದೆ.

ಹಾಗಾಗಿ ಬಸ್ಸೋ ರೈಲೋ ಎನ್ನುವುದು ಎರಡನೇ ಪ್ರಶ್ನೆ. ಬೆಟ್ಟದ ಬುಡದ ಯಾವ ಊರಿನಲ್ಲಿ ಇಳಿಯುವುದು, ಎಷ್ಟು ಗಂಟೆಗೆ ಇಳಿಯುವುದು ಎನ್ನುವುದು ಮೊದಲನೆಯದು. ಕೊನೆಯ ಎರಡು-ಮೂರು ಗಂಟೆಯ ಘಾಟಿಗೆ ಹೇಗಿದ್ದರೂ ರಸ್ತೆಯೇ ಗತಿ.

ದಾರಿ ಮುಖ್ಯವಾಗಿ ಎರಡು. ಪೂರ್ವದಿಂದ ಬರುವುದು ಬತ್ಲಗುಂಡು ದಾರಿ. ನೂರು ವರ್ಷದ ಹಿಂದೆ ಮೇಜರ್ ಲಾ ಎಂಬ ಇಂಜಿನಿಯರ್ ಮಾಡಿಸಿದ ಈ ಘಾಟಿಗೆ ಈಗಲೂ 'ಲಾಸ್ ಘಾಟ್' ಅಂತಲೇ ಹೆಸರು. ದಿಂಡಿಗಲ್, ಮಧುರೈ, ತೇಣಿ, ಕೊಡೈ ರೋಡ್ ಎಲ್ಲ ಕಡೆಯ ಬಸ್ಸುಗಳು ಇದರಲ್ಲೇ ಹತ್ತುತ್ತವೆ. ಉತ್ತರದಿಂದ ಬರುವುದು ಪಳನಿ ದಾರಿ, ಸುಮಾರು 65 ಕಿ.ಮೀ. ಕೊಯಮತ್ತೂರು, ಪಾಲಕ್ಕಾಡ್ ಕಡೆಯವರಿಗೆ ಇದೇ ಹತ್ತಿರ. ಎರಡೂ ದಾರಿ ಊರಿಗಿಂತ ಹತ್ತು-ಹನ್ನೆರಡು ಕಿ.ಮೀ. ಕೆಳಗೆ ಪೆರುಮಾಳ್‌ಮಲೈಯಲ್ಲಿ ಕೂಡುತ್ತವೆ. ಸೀಸನ್‌ನಲ್ಲಿ ಸಾಲು ನಿಲ್ಲುವುದೂ ಅಲ್ಲಿಂದ ಮೇಲೆ ಸಿಲ್ವರ್ ಕ್ಯಾಸ್ಕೇಡ್ ಜಲಪಾತದ ತನಕ. ಬಸ್ಸಿಗೆ ಪಾಸ್ ಬೇಡ ನಿಜ, ಆದರೆ ಸಾಲಿನಲ್ಲಿ ಅದೂ ನಿಲ್ಲಲೇಬೇಕು. ಬೆಳಿಗ್ಗೆ ಬೇಗ ಹತ್ತಬೇಕು ಅನ್ನುವುದು ಇದಕ್ಕೇ.

ವೇದಸಂದೂರಿನಲ್ಲಿ ಒಂದು ನಿರ್ಧಾರ

ಬೆಂಗಳೂರಿನಿಂದ ಸ್ವಂತ ಕಾರಿನಲ್ಲಿ ಬರುವವರು ಹೊಸೂರು, ಸೇಲಂ, ನಾಮಕ್ಕಲ್, ಕರೂರು ದಾಟಿ 44ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ವೇದಸಂದೂರಿಗೆ ಬರುತ್ತಾರೆ. ಹೊಗೆಸೊಪ್ಪಿನ ಸಂಶೋಧನಾ ಕೇಂದ್ರ ಮತ್ತು ನೂಲಿನ ಗಿರಣಿಗಳ ಊರು ಇದು. ಪ್ರವಾಸಿಗೆ ನೋಡಲು ವಿಶೇಷ ಏನೂ ಇಲ್ಲ, ಚಹಾ ಕುಡಿದು ಮುಂದೆ ಹೋಗುವ ಜಾಗ. ಆದರೆ ಈ ಸುತ್ತಿನಲ್ಲೂ ಕಂಬಂ ಕಣಿವೆಯಲ್ಲೂ ತಲೆಮಾರುಗಳಿಂದ ಮನೆಯಲ್ಲಿ ಕನ್ನಡ ಆಡುವ ಕುಟುಂಬಗಳಿವೆ: ಒಕ್ಕಲಿಗ ಕಾಪಿಲಿಯರು, ಅನುಪ್ಪರು, ದೇವಾಂಗರು. ಹೊರಗೆ ತಮಿಳು, ಒಳಗೆ ತಮಿಳು ಬೆರೆತ ಹಳೆಯ ಕನ್ನಡ. ಬಸ್ ನಿಲ್ದಾಣದಲ್ಲಿ ಅಜ್ಜಿಯೊಬ್ಬರ ಬಾಯಲ್ಲಿ ಅರ್ಧ ತಿಳಿಯುವ, ಅರ್ಧ ತಿಳಿಯದ ಕನ್ನಡ ಕಿವಿಗೆ ಬಿದ್ದರೆ ಆಶ್ಚರ್ಯಪಡಬೇಕಿಲ್ಲ. ಮನೆಯೊಳಗೆ ಬ್ಯಾರಿ, ಹೊರಗೆ ಕನ್ನಡ-ತುಳು ಆಡುವವರಿಗೆ ಈ ಪರಿಸ್ಥಿತಿ ಹೊಸದಲ್ಲ.

ಕಾರಿನವರು ಇಲ್ಲಿಗೆ ಬಂದಾಗ ಮೊಬೈಲಿನಲ್ಲಿ ಇ-ಪಾಸ್ ಇದೆಯಾ ಅಂತ ಇನ್ನೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಇಲ್ಲದಿದ್ದರೆ ಬತ್ಲಗುಂಡು ತನಕ ಓಡಿಸಿ ಅಲ್ಲಿ ಪರದಾಡುವುದಕ್ಕಿಂತ, ಇಪ್ಪತ್ತು ಕಿ.ಮೀ. ಆಸುಪಾಸಿನಲ್ಲೇ ಇರುವ ದಿಂಡಿಗಲ್ಲಿನಲ್ಲಿ ರೂಮು ಮಾಡಿ, ಕಾರನ್ನು ಅಲ್ಲಿಯೇ ಬಿಟ್ಟು, ಮರುದಿನ ಬೆಳಗಿನ ಬಸ್ ಹಿಡಿಯುವುದು ವಾಸಿ. ಮೇಲೆ ಹೋದ ಮೇಲೂ ಕಾರಿಗೆ ನಿಲ್ಲಲು ಜಾಗ ಹುಡುಕುವ ಕೆಲಸ ಬೇರೆ ಇರುತ್ತದೆ. ಕೆರೆ ಸುತ್ತ, ಪೈನ್ ಕಾಡಿನ ಹತ್ತಿರ, ವಟ್ಟಕ್ಕನಾಲ್ ದಾರಿಯಲ್ಲಿ ರಜಾದಿನ ಅದು ದೊಡ್ಡ ಕೆಲಸ.

ವೇದಸಂದೂರಿನಲ್ಲೇ ಕೆಲಸಕ್ಕೋ ಓದಿಗೋ ಇರುವವರಿಗೆ ದಾರಿ ಸುಲಭ. ಕರೂರು-ದಿಂಡಿಗಲ್ ಬಸ್ಸುಗಳು ಇದೇ ಊರಿನ ಮೇಲೆ ಹೋಗುತ್ತವೆ. ದಿಂಡಿಗಲ್ ಕಾಮರಾಜರ್ ಬಸ್ ನಿಲ್ದಾಣಕ್ಕೆ ಹೋಗಿ ಕೊಡೈ ಬಸ್ ಹತ್ತಿದರೆ ಆಯಿತು. ಒಡ್ಡನ್‌ಛತ್ರಂ ಮೇಲೆ ಪಳನಿಗೂ ಹೋಗಬಹುದು, ಆದರೆ ಬಸ್ ಬದಲಾಯಿಸುವ ಕಿರಿಕಿರಿ ಹೆಚ್ಚು.

ಮಂಗಳೂರಿನಿಂದ ಹೊರಟರೆ

ಮಂಗಳೂರು, ಉಳ್ಳಾಲ, ಕಾಸರಗೋಡಿನವರಿಗೆ ಕೆಲಸಕ್ಕೆ ಬರುವ ರೈಲು ರಾತ್ರಿ ತಡವಾಗಿ ಮಂಗಳೂರು ಸೆಂಟ್ರಲ್ ಬಿಡುವ ಚೆನ್ನೈ ವೆಸ್ಟ್ ಕೋಸ್ಟ್ ಎಕ್ಸ್‌ಪ್ರೆಸ್. ರಾತ್ರಿ ನಿದ್ದೆ ಮಾಡಿ ಎದ್ದರೆ ಬೆಳಿಗ್ಗೆ ಪಾಲಕ್ಕಾಡ್, ಅದಾದ ಮೇಲೆ ಕೊಯಮತ್ತೂರು. ಬೆಳಿಗ್ಗೆ ಬುಡಕ್ಕೆ ಹತ್ತಿರ ತಲುಪಿಸುವ ರೈಲೇ ಒಳ್ಳೆಯ ರೈಲು. ಬೆಳಿಗ್ಗೆ ಮಂಗಳೂರಿನಿಂದ ಹೊರಡುವ ರೈಲುಗಳಲ್ಲಿ ಹೋದರೆ ಪಾಲಕ್ಕಾಡ್, ಕೊಯಮತ್ತೂರು ತಲುಪುವಾಗ ಹಗಲು ಇಳಿದಿರುತ್ತದೆ, ಘಾಟಿ ಹತ್ತುವ ಹೊತ್ತಿಗೆ ಕತ್ತಲೆ.

ಪಾಲಕ್ಕಾಡಿನಲ್ಲಿ ಇಳಿಯುವುದಾ, ಕೊಯಮತ್ತೂರಿನಲ್ಲಾ? ನಕ್ಷೆ ನೋಡಿದರೆ ಪಾಲಕ್ಕಾಡ್ ಸರಿ ಅನಿಸುತ್ತದೆ. ಪಾಲಕ್ಕಾಡ್-ಪೊಳ್ಳಾಚಿ-ಪಳನಿ-ದಿಂಡಿಗಲ್ ಹಳಿ ಹಿಂದೆ ಮೀಟರ್ ಗೇಜ್ ಆಗಿತ್ತು. 2015ರಲ್ಲಿ ಪೊಳ್ಳಾಚಿ-ಪಾಲಕ್ಕಾಡ್ ಭಾಗವೂ ಬ್ರಾಡ್ ಗೇಜ್ ಆದ ಮೇಲೆ ರೈಲುಗಳು ನೇರ ಓಡುತ್ತಿವೆ. ಪಾಲಕ್ಕಾಡ್ ಗ್ಯಾಪಿನ ಪಕ್ಕದಲ್ಲಿ, ಎಡಬಲಕ್ಕೆ ತೆಂಗಿನ ತೋಟ, ದೂರದಲ್ಲಿ ಬೆಟ್ಟ. ಚಂದದ ದಾರಿ. ತೊಂದರೆ ಏನೆಂದರೆ ಆ ಹಳಿಯಲ್ಲಿ ದಿನಕ್ಕೆ ಓಡುವ ರೈಲುಗಳು ಬೆರಳೆಣಿಕೆಯಷ್ಟು. ತಿರುವನಂತಪುರದಿಂದ ಮಧುರೈ ಕಡೆ ಹೋಗುವ ಅಮೃತಾ ಎಕ್ಸ್‌ಪ್ರೆಸ್ ಪಾಲಕ್ಕಾಡ್ ದಾಟುವುದು ಸೂರ್ಯ ಹುಟ್ಟುವ ಮೊದಲು. ವೆಸ್ಟ್ ಕೋಸ್ಟ್‌ನಲ್ಲಿ ಬಂದವರಿಗೆ ಅದು ಸಿಗುವುದಿಲ್ಲ. ಬಸ್ಸಿನಲ್ಲಿ ಹೋಗುವುದಾದರೆ ಪಾಲಕ್ಕಾಡಿನಿಂದ ಪೊಳ್ಳಾಚಿ, ಪೊಳ್ಳಾಚಿಯಿಂದ ಪಳನಿ, ಪಳನಿಯಿಂದ ಕೊಡೈ. ಮೂರು ಬಸ್ಸು, ಮೂರು ಸಲ ಲಗೇಜು ಇಳಿಸಿ ಹತ್ತಿಸುವುದು.

ಮಕ್ಕಳು, ಉಮ್ಮ, ಬ್ಯಾಗುಗಳು ಜೊತೆಗಿದ್ದರೆ ಇನ್ನೊಂದು ಗಂಟೆ ರೈಲಿನಲ್ಲೇ ಕೂತು ಕೊಯಮತ್ತೂರಿಗೆ ಹೋಗುವುದು ಮೇಲು. ಅಲ್ಲಿ ಒಂದು ಎಚ್ಚರ ಬೇಕು. ಕೊಯಮತ್ತೂರಿನಲ್ಲಿ ಬಸ್ ನಿಲ್ದಾಣ ಒಂದಲ್ಲ. ಪಳನಿ, ಪೊಳ್ಳಾಚಿ ಕಡೆಯ ಬಸ್ಸುಗಳು ಉಕ್ಕಡಂನಿಂದ ಹೊರಡುತ್ತವೆ, ಮಧುರೈ, ದಿಂಡಿಗಲ್, ತೇಣಿ ಕಡೆಯವು ಸಿಂಗಾನಲ್ಲೂರಿನಿಂದ. ಉಕ್ಕಡಂ ರೈಲು ನಿಲ್ದಾಣಕ್ಕೆ ಹತ್ತಿರ, ಸಿಂಗಾನಲ್ಲೂರು ದೂರ. ಆಟೊದವರಿಗೆ ಬರೀ 'ಬಸ್ ಸ್ಟ್ಯಾಂಡ್' ಅಂದರೆ ಬೇರೆ ಯಾವುದೋ ನಿಲ್ದಾಣ ಮುಟ್ಟಿಸಿಯಾರು. ಉಕ್ಕಡಂ ಅಂತ ಹೆಸರು ಹಿಡಿದೇ ಹೇಳಬೇಕು. ಅಲ್ಲಿಂದ ಪಳನಿಗೆ ನೂರು ಕಿ.ಮೀ. ಮೇಲೆ ಸ್ವಲ್ಪ, ಪಳನಿಯಲ್ಲಿ ಬಸ್ ಬದಲಿಸಿದರೆ ಬೆಟ್ಟ ಹತ್ತಲು ಮೂರು ಗಂಟೆಯೊಳಗೆ.

ಪಳನಿ ದಾರಿಗೆ ಎರಡು ಕಾಲದಲ್ಲಿ ಹೋಗಲೇಬಾರದು. ಜನವರಿ-ಫೆಬ್ರವರಿಯ ತೈಪೂಸಂ, ಮಾರ್ಚ್-ಏಪ್ರಿಲ್‌ನ ಪಂಗುನಿ ಉತ್ತಿರಂ. ಪಳನಿ ಮುರುಗನ ದೇವಸ್ಥಾನಕ್ಕೆ ತಮಿಳುನಾಡು, ಕೇರಳದಿಂದ ಜನ ನಡೆದುಕೊಂಡೇ ಬರುವ ದಿನಗಳು ಅವು. ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆಗ ದಿಂಡಿಗಲ್ ಕಡೆಯಿಂದ ಹತ್ತಬೇಕು.

ಬೆಂಗಳೂರಿನಿಂದ ಹೊರಟರೆ

ಬೆಂಗಳೂರಿನಲ್ಲಿ ಓದುವ, ದುಡಿಯುವ ಯುವಕರಿಗೆ ಆಯ್ಕೆ ಹೆಚ್ಚು. ಮೈಸೂರು-ತೂತ್ತುಕುಡಿ ಎಕ್ಸ್‌ಪ್ರೆಸ್ ಸಂಜೆ ಮೈಸೂರು ಬಿಟ್ಟು, ರಾತ್ರಿ ಬೆಂಗಳೂರು ಹಾದು, ಬೆಳಿಗ್ಗೆ ದಿಂಡಿಗಲ್, ಕೊಡೈಕೆನಾಲ್ ರೋಡ್ ಮುಟ್ಟುತ್ತದೆ. ನಾಗರಕೋಯಿಲ್ ರೈಲು ಕೂಡ ಇದೇ ದಿಂಡಿಗಲ್ ದಾರಿ. 2024ರ ಆಗಸ್ಟ್ 31ರಂದು ಶುರುವಾದ ಮಧುರೈ-ಬೆಂಗಳೂರು ಕಂಟೋನ್ಮೆಂಟ್ ವಂದೇ ಭಾರತ್ ಬಗ್ಗೆ ಎಲ್ಲರಿಗೂ ಆಸೆ. ಅದು ಮಂಗಳವಾರ ಬಿಟ್ಟು ಉಳಿದ ದಿನ ಓಡುತ್ತದೆ, ದಿಂಡಿಗಲ್ಲಿನಲ್ಲಿ ನಿಲ್ಲುತ್ತದೆ. ಆದರೆ ಬೆಂಗಳೂರು ಬಿಡುವುದು ಮಧ್ಯಾಹ್ನ, ದಿಂಡಿಗಲ್ ತಲುಪುವುದು ರಾತ್ರಿ. ಅಷ್ಟು ಹೊತ್ತಿಗೆ ಘಾಟಿ ಹತ್ತುವ ಮಾತಿಲ್ಲ, ದಿಂಡಿಗಲ್ಲಿನಲ್ಲಿ ಒಂದು ರಾತ್ರಿಯ ರೂಮಿನ ಖರ್ಚು ಟಿಕೆಟಿನ ಜೊತೆ ಸೇರಿಸಿಕೊಳ್ಳಬೇಕು. ವೇಗದ ರೈಲು ಅಂತ ಬೇಗ ಕೊಡೈ ಮುಟ್ಟುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಹಿಂದೆ ಬರುವಾಗ ಮಾತ್ರ, ದಿಂಡಿಗಲ್ಲಿನಲ್ಲಿ ರಾತ್ರಿ ಉಳಿದು ಬೆಳಿಗ್ಗೆ ಹೊರಟರೆ, ಅದು ಹಿತ.

ರೈಲು ಬದಲಿಸುವ ತಲೆನೋವೇ ಬೇಡ ಅನ್ನುವವರಿಗೆ ರಾತ್ರಿ ಬಸ್. ಕೆಎಸ್‌ಆರ್‌ಟಿಸಿಯ ತಮಿಳುನಾಡು ಕಡೆಯ ಬಸ್ಸುಗಳು ಶಾಂತಿನಗರದಿಂದ ಹೊರಡುತ್ತವೆ, ತಮಿಳುನಾಡಿನ ಎಸ್‌ಇಟಿಸಿ ಬಸ್ಸುಗಳೂ ಇವೆ. ನೇರ ಬಸ್ಸಿನ ದೊಡ್ಡ ಲಾಭ, ಬೆಳಿಗ್ಗೆ ಕಣ್ಣು ಬಿಡುವಾಗ ಘಾಟಿಯ ಅರ್ಧ ಮುಗಿದಿರುತ್ತದೆ. ನಷ್ಟ, ಆ ಅರ್ಧವನ್ನು ನಿದ್ದೆಯಲ್ಲಿ ತಿರುವುಗಳಿಗೆ ತಲೆ ಬಡಿಸಿಕೊಳ್ಳುತ್ತಾ ಕಳೆದಿರಬೇಕು. ಬೆನ್ನುನೋವು ಇರುವ ಹಿರಿಯರಿಗೆ ರೈಲೇ ಒಳ್ಳೆಯದು.

ಇನ್ನು 'ಶಕ್ತಿ' ಯೋಜನೆಯ ವಿಷಯ. ಮನೆಯ ಹೆಂಗಸರು ಮಂಗಳೂರಿನಿಂದ ಬೆಂಗಳೂರಿಗೆ ಸಾಮಾನ್ಯ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಉಚಿತವಾಗಿ ಹೋಗಬಹುದು, ಆದರೆ ರಾಜ್ಯದ ಗಡಿ ದಾಟುವ ಬಸ್ಸಿನಲ್ಲಿ ಅದು ನಡೆಯುವುದಿಲ್ಲ. ತಮಿಳುನಾಡಿನಲ್ಲಿ 2021ರ ಮೇ ತಿಂಗಳಿಂದ ಹೆಂಗಸರಿಗೆ ಉಚಿತ ಪ್ರಯಾಣ ಇದೆ. ಅದು ಇರುವುದು ಮುಖ್ಯವಾಗಿ ಸಾದಾ ಟೌನ್ ಬಸ್ಸುಗಳಲ್ಲಿ, ದಿಂಡಿಗಲ್-ಕೊಡೈಯಂತಹ ದೂರದ ಬಸ್ಸಿನಲ್ಲಿ ಟಿಕೆಟ್ ತೆಗೆಯಲೇಬೇಕು. ತೆಗೆದರೂ ಭಾರವಲ್ಲ. 2018ರ ಪರಿಷ್ಕರಣೆಯಲ್ಲಿ ಸಾದಾ ಬಸ್ಸಿಗೆ ಕಿ.ಮೀ.ಗೆ 58 ಪೈಸೆ ಅಂತ ನಿಗದಿಯಾಯಿತು, ಬೆಟ್ಟದ ದಾರಿಗೆ ಶೇ. 20 ಹೆಚ್ಚು. ಆ ಲೆಕ್ಕದಲ್ಲಿ ಪಳನಿಯಿಂದ ಮೇಲಕ್ಕೆ ತಲೆಗೆ ಐವತ್ತು ರೂಪಾಯಿ ಆಸುಪಾಸು. ಆರು ಜನರ ಕುಟುಂಬಕ್ಕೆ ಎಷ್ಟಾಯಿತು, ಟಿಟಿಯ ಒಂದು ದಿನದ ಬಾಡಿಗೆ ಎಷ್ಟು ಅಂತ ಮನೆಯಲ್ಲಿ ಕೂತು ಲೆಕ್ಕ ಹಾಕಬಹುದು.

ದಿಂಡಿಗಲ್ಲಿನಲ್ಲಿ, ಬತ್ಲಗುಂಡಿನಲ್ಲಿ

ದಿಂಡಿಗಲ್ ರೈಲು ನಿಲ್ದಾಣದಿಂದ ಬಸ್ ನಿಲ್ದಾಣಕ್ಕೆ ಆಟೊದಲ್ಲಿ ಸ್ವಲ್ಪ ದೂರ. ಅಲ್ಲಿಂದ ನೇರ ಕೊಡೈ ಬಸ್ ಸುಮಾರು ನೂರು ಕಿ.ಮೀ. ದಾರಿಗೆ ಮೂರು ಗಂಟೆಗಿಂತ ಹೆಚ್ಚು ತೆಗೆದುಕೊಳ್ಳುತ್ತದೆ. ನೇರ ಬಸ್ಸಿಗೆ ತುಂಬಾ ಹೊತ್ತು ಕಾಯಬೇಕಾದರೆ ಬತ್ಲಗುಂಡು ಬಸ್ ಹಿಡಿದು ಅಲ್ಲಿ ಬದಲಾಯಿಸಬಹುದು. ಮಧುರೈ, ದಿಂಡಿಗಲ್ ಕಡೆಯ ಕೊಡೈ ಬಸ್ಸುಗಳು ಬತ್ಲಗುಂಡಿನಲ್ಲೇ ಕೂಡುವುದರಿಂದ ಅಲ್ಲಿ ಬಸ್ ಬೇಗ ಸಿಗುತ್ತದೆ. ಸೀಟು ಸಿಗುವುದು ಬೇರೆ ಮಾತು. ಎರಡೂವರೆ ಗಂಟೆ ತಿರುವುಗಳಲ್ಲಿ ನಿಂತುಕೊಂಡು ಹೋಗುವುದು ಮಕ್ಕಳಿಗೂ ಹಿರಿಯರಿಗೂ ಆಗುವ ಕೆಲಸವಲ್ಲ. ಅವರು ಜೊತೆಗಿದ್ದರೆ ದಿಂಡಿಗಲ್ಲಿನಲ್ಲೇ ಅರ್ಧ ಗಂಟೆ ಹೆಚ್ಚು ಕಾದು ಕೂತು ಹೋಗುವುದು ಸರಿ.

ಬೋರ್ಡುಗಳು ತಮಿಳಿನಲ್ಲಿರುತ್ತವೆ. ಓದಲು ಬಾರದಿದ್ದರೆ ಹಿಂಜರಿಕೆ ಬೇಡ, "ಕೊಡೈ ಪೋಗುಮಾ?" ಅಂತ ಕೇಳಿದರೆ ಸಾಕು. ಬ್ಯಾರಿ ಭಾಷೆ ಬಲ್ಲವರಿಗೆ ಉತ್ತರ ತಿಳಿಯಲು ನಿಘಂಟು ಬೇಡ.

ದಿಂಡಿಗಲ್ಲಿನಲ್ಲಿ ರೈಲು-ಬಸ್ಸಿನ ನಡುವೆ ಎರಡು ಗಂಟೆ ಸಿಕ್ಕಿದರೆ ಬೇಗಂಪುರದ ದೊಡ್ಡ ಮಸೀದಿಯ ಕಡೆ ಹೋಗಿ ಬರಬಹುದು. ಹೈದರಲಿ ಮೈಸೂರಿನ ಗದ್ದುಗೆಗೆ ಬರುವ ಮೊದಲು, 1755ರ ಸುಮಾರಿಗೆ, ಇದೇ ದಿಂಡಿಗಲ್ಲಿನ ಫೌಜ್‌ದಾರನಾಗಿದ್ದ. ಅವನ ತಂಗಿ ಅಮೀರುನ್ನಿಸಾ ಬೇಗಂ ಮಣ್ಣಾದದ್ದು ಇಲ್ಲಿ, ಬಡಾವಣೆಗೆ ಹೆಸರು ಬಂದದ್ದೂ ಆಕೆಯಿಂದ. ಊರಿನ ತಲೆಯ ಮೇಲೆ ಕಾಣುವ ಬಂಡೆಯ ಕೋಟೆ ಮಧುರೈ ನಾಯಕರ ಕಾಲದ್ದು. ಅದನ್ನು ಹತ್ತಿ ಇಳಿಯಲು ಹೋದರೆ ಬಸ್ ತಪ್ಪುತ್ತದೆ.

ಈ ಕಡೆಯ ಮುಸ್ಲಿಮರಲ್ಲಿ ತಮಿಳು ಮಾತಾಡುವ ರಾವುತ್ತರ್ ಸಮುದಾಯ ದೊಡ್ಡದು. ದಿಂಡಿಗಲ್, ಪಳನಿ, ಕಂಬಂ, ಉತ್ತಮಪಾಳಯಂ ಎಲ್ಲ ಕಡೆ ಇದ್ದಾರೆ. ಉತ್ತಮಪಾಳಯಂನ ಹಾಜಿ ಕರುತ್ತ ರಾವುತ್ತರ್ ಹೌದಿಯಾ ಕಾಲೇಜು 1956ರಷ್ಟು ಹಳೆಯದು. ಅವರು ಹನಫಿ ಮದ್‌ಹಬಿನವರಾದ್ದರಿಂದ ಅಸರ್ ಬಾಂಗು ಊರಿನಲ್ಲಿ ಶಾಫಿ ಲೆಕ್ಕದಲ್ಲಿ ಕೇಳಿ ಅಭ್ಯಾಸ ಇರುವ ಹೊತ್ತಿಗಿಂತ ತಡವಾಗಿ ಕೇಳಿಸುತ್ತದೆ. ಬಾಂಗು ಆಗಲಿ ಅಂತ ಕಾದು ಬಸ್ ತಪ್ಪಿಸಿಕೊಳ್ಳಬಾರದು.

ಟ್ಯಾಕ್ಸಿಯಾದರೆ ಒಂದು ಪ್ರಶ್ನೆ

ಎಲ್ಲರಿಗೂ ಬಸ್ಸೇ ಸರಿ ಅಂತಲೂ ಹೇಳಲಾಗದು. ಮೊಣಕಾಲು ನೋವಿನ ಹಿರಿಯರು, ಕೈಗೂಸು ಇದ್ದರೆ ಕೊಡೈ ರೋಡ್ ನಿಲ್ದಾಣದಲ್ಲಿ ಇಳಿದು ಟ್ಯಾಕ್ಸಿ ಮಾಡುವುದು ತಪ್ಪಲ್ಲ. ಆದರೆ ಬಾಡಿಗೆಗಿಂತ ಮೊದಲು ಕೇಳಬೇಕಾದ್ದು ಇ-ಪಾಸ್ ಇದೆಯಾ ಅಂತ. ಪ್ರವಾಸಿಗಳನ್ನು ಕರೆದೊಯ್ಯುವ ಬಯಲಿನ ಟ್ಯಾಕ್ಸಿಗೂ ಪಾಸ್ ಬೇಕು. "ಮೇಲೆ ನೋಡಿಕೊಳ್ಳೋಣ" ಅನ್ನುವ ಉತ್ತರ ಬಂದರೆ ಬೇರೆ ಟ್ಯಾಕ್ಸಿ ನೋಡುವುದು ಒಳ್ಳೆಯದು. ನಿಲ್ಲಿಸಿದಾಗ ಕಷ್ಟ ಪಡುವುದು ಹಿಂದಿನ ಸೀಟಿನವರು.

ದೊಡ್ಡ ಗುಂಪಿನವರಿಗೆ ಇನ್ನೊಂದು ಮುಖ್ಯ ವಿಷಯ. ಜಮಾಅತಿನಿಂದ, ಕಾಲೇಜಿನಿಂದ, ಕುಟುಂಬ ಕೂಟದಿಂದ ಉದ್ದದ ಮಲ್ಟಿ ಆಕ್ಸೆಲ್ ಬಸ್ ಮಾಡಿಕೊಂಡು ಹೊರಡುವವರು ತಿಳಿದಿರಬೇಕು: 12 ಮೀಟರಿಗಿಂತ ಉದ್ದದ ವಾಹನಗಳು ಕೊಡೈ ಘಾಟಿ ಹತ್ತುವುದನ್ನು ದಿಂಡಿಗಲ್ ಜಿಲ್ಲಾಡಳಿತ 2024ರ ನವೆಂಬರ್ 18ರಿಂದ ನಿಷೇಧಿಸಿದೆ. ತಿರುವುಗಳಲ್ಲಿ ಅವು ಸಿಕ್ಕಿಕೊಂಡರೆ ಇಡೀ ಬೆಟ್ಟದ ಸಂಚಾರ ನಿಲ್ಲುತ್ತದೆ. ಬುಕಿಂಗ್ ಮಾಡುವಾಗಲೇ ಬಸ್ಸಿನ ಉದ್ದ ಕೇಳಬೇಕು. ಮಲ್ಟಿ ಆಕ್ಸೆಲ್ ಸ್ಲೀಪರ್‌ಗಳು ಸಾಮಾನ್ಯವಾಗಿ ಈ ಅಳತೆ ಮೀರುತ್ತವೆ.

ತೇಣಿ, ಕಂಬಂ ಕಡೆಯಿಂದ

ತೇಕ್ಕಡಿ ನೋಡಿ ಕೊಡೈಗೆ ಹೋಗುವವರು ವಾಪಸ್ ಕೇರಳಕ್ಕೆ ಇಳಿಯಬೇಕಿಲ್ಲ. ಕುಮಳಿಯ ಗಡಿ ದಾಟಿದರೆ ಘಾಟಿ ಕೆಳಗೆ ಕಂಬಂ ಕಣಿವೆ. ಮುಲ್ಲಪೆರಿಯಾರ್ ನೀರು ಕುಡಿದು ಬೆಳೆದ ಭತ್ತ, ದ್ರಾಕ್ಷಿ, ಬಾಳೆ. ಕುಮಳಿಯಿಂದ ಕಂಬಂ, ಕಂಬಂನಿಂದ ತೇಣಿ, ತೇಣಿಯಿಂದ ಪೆರಿಯಕುಳಂ ಮೇಲೆ ಕೊಡೈ. ಬಸ್ಸುಗಳಿಗೆ ಬರವಿಲ್ಲ, ಆದರೆ ಇಡೀ ಹಗಲು ಬೇಕು. ತೇಣಿಗೆ ರೈಲೂ ಮರಳಿ ಬಂದಿದೆ. 2010ರ ಕೊನೆಗೆ ನಿಂತಿದ್ದ ಮಧುರೈ-ಬೋಡಿನಾಯಕನೂರು ಮೀಟರ್ ಗೇಜ್ ಹಳಿ ಬ್ರಾಡ್ ಗೇಜ್ ಆಗಿ 2022ರ ಮೇಯಲ್ಲಿ ತೇಣಿ ತನಕ, 2023ರ ಜೂನ್‌ನಲ್ಲಿ ಬೋಡಿ ತನಕ ಓಡಲು ಶುರುವಾಯಿತು. ಮಧುರೈಯಿಂದ ಬರುವವರಿಗೆ ಅದು ಉಪಯೋಗ, ಕರಾವಳಿಯವರಿಗೆ ಅಷ್ಟಕ್ಕಷ್ಟೆ. ಮಧುರೈಯಲ್ಲಿ ಬಸ್ ಹಿಡಿಯುವುದಾದರೆ ಕೊಡೈ, ತೇಣಿ, ದಿಂಡಿಗಲ್ ಕಡೆಯ ಬಸ್ಸುಗಳು ಮಾಟ್ಟುತ್ತಾವಣಿಯಲ್ಲಿ ಅಲ್ಲ, ಆರಪಾಳಯಂನಲ್ಲಿ. ಮಕ್ಕಳು ನೀರಿನ ಆಟ ಬೇಕೆಂದು ಹಠ ಹಿಡಿದರೆ ಅತಿಶಯಂ ಥೀಮ್ ಪಾರ್ಕ್ ಇರುವ ಪರವೈ ಕೂಡ ಮಧುರೈಯ ಇದೇ ದಿಂಡಿಗಲ್ ರಸ್ತೆಯ ಬದಿಯಲ್ಲಿದೆ.

ಹತ್ತುವಾಗ, ಹತ್ತಿದ ಮೇಲೆ

ಘಾಟಿಯಲ್ಲಿ ವಾಂತಿ ಬರುವವರು ಬಸ್ಸಿನ ಮುಂದಿನ ಅರ್ಧದಲ್ಲಿ ಕೂರಬೇಕು, ಹಿಂದಿನ ಚಕ್ರದ ಮೇಲಿನ ಸೀಟು ಬೇಡವೇ ಬೇಡ. ದಿಂಡಿಗಲ್ಲಿನ ಜೀರಿಗೆ ಸಾಂಬಾ ಅಕ್ಕಿಯ ಬಿರಿಯಾನಿಗೆ ಹೆಸರು ಇದೆ. ಅದನ್ನು ಇಳಿದ ಮೇಲೆ ತಿನ್ನುವುದು, ಹತ್ತುವ ಮೊದಲು ಅಲ್ಲ.

ನೀರಿನ ಬಾಟಲಿಯ ವಿಷಯದಲ್ಲಿ ಬಸ್ಸಿನವರಿಗೂ ವಿನಾಯಿತಿ ಇಲ್ಲ. 5 ಲೀಟರಿಗಿಂತ ಸಣ್ಣ ಪ್ಲಾಸ್ಟಿಕ್ ನೀರಿನ ಬಾಟಲಿ ಕೊಡೈಯಲ್ಲಿ ನಿಷಿದ್ಧ, ಸಿಕ್ಕಿದರೆ ಬಾಟಲಿಗೆ ಹಣ ಕಟ್ಟಬೇಕಾಗುತ್ತದೆ. ಮನೆಯಿಂದಲೇ ಸ್ಟೀಲ್ ಬಾಟಲಿ ತಂದರೆ ಆ ಗೋಜಿಲ್ಲ.

ಮಳೆಯ ಲೆಕ್ಕ ಕರಾವಳಿಯದ್ದಲ್ಲ. ಊರಿನಲ್ಲಿ ಜೂನ್-ಜುಲೈ ಮಳೆಗಾಲ. ಅಲ್ಲಿ ಜೋರು ಮಳೆ ಅಕ್ಟೋಬರ್-ನವೆಂಬರ್‌ನಲ್ಲಿ, ಹಿಂಗಾರು ಬಂದಾಗ. ಮರ ಬಿದ್ದು, ಮಣ್ಣು ಜರಿದು ಘಾಟಿ ಬಂದ್ ಆಗುವುದು ಆ ತಿಂಗಳುಗಳಲ್ಲೇ. ಆಗ ಹೋಗುವವರು ವಾಪಸಿನ ರೈಲಿಗೆ ಅರ್ಧ ದಿನವಾದರೂ ಬಿಡುವು ಇಟ್ಟುಕೊಂಡಿರಬೇಕು.

ಮೇಲೆ ಇಳಿದರೆ ಬಸ್ ನಿಲ್ದಾಣ ಪೇಟೆಯ ಮಧ್ಯದಲ್ಲೇ. ಇದು ಬಸ್ಸಿನವರ ಪಾಲಿನ ದೊಡ್ಡ ಅನುಕೂಲ. 1863ರಲ್ಲಿ ಮಧುರೈ ಕಲೆಕ್ಟರ್ ಲೆವಿಂಜ್ ಕಟ್ಟಿಸಿದ ಕೆರೆ, ಬ್ರಯಂಟ್ ಪಾರ್ಕ್, ಕೋಕರ್ಸ್ ವಾಕ್ ಮೂರೂ ನಡೆದು ಹೋಗುವ ದೂರ. ಕೆರೆ ಸುತ್ತಿನ ಐದು ಕಿ.ಮೀ. ರಸ್ತೆಗೆ ಬಾಡಿಗೆ ಸೈಕಲ್ ಸಿಗುತ್ತದೆ. ಕಾರಿನವರು ಪಾರ್ಕಿಂಗ್ ಹುಡುಕುವಷ್ಟರಲ್ಲಿ ನಡೆದವರು ಒಂದು ಸುತ್ತು ಮುಗಿಸಿರುತ್ತಾರೆ. ಮಂಗಳೂರಿನ ಹಾಗೆ ಆಟೊಗೆ ಕೈ ತೋರಿಸೋಣ ಅಂದರೆ ಆಗುವುದಿಲ್ಲ, ಊರೊಳಗೆ ಓಡುವುದು ಟ್ಯಾಕ್ಸಿಗಳು.

ಪೈನ್ ಕಾಡು, ಗುಣಾ ಗುಹೆ, ಪಿಲ್ಲರ್ ರಾಕ್ಸ್ ಒಂದೇ ರಸ್ತೆಯಲ್ಲಿ ಸಾಲಾಗಿ ಸಿಗುತ್ತವೆ, ಊರಿನಿಂದ ಏಳೆಂಟು ಕಿ.ಮೀ. ಒಳಗೆ. ಅದಕ್ಕೆ ಅರ್ಧ ದಿನದ ಸ್ಥಳೀಯ ಟ್ಯಾಕ್ಸಿ ಮಾಡಬಹುದು. ಅವರಿಗೆ ಪಾಸಿನ ತೊಂದರೆಯೂ ಇಲ್ಲ. ಬೆಳಿಗ್ಗೆ ಒಂಬತ್ತರೊಳಗೆ ಹೊರಟರೆ ಕಾಣುವುದು ಬೆಟ್ಟ, ಹನ್ನೊಂದರ ಮೇಲೆ ಹೋದರೆ ಎದುರಿನ ವಾಹನದ ಬೆನ್ನು. ಸಿನಿಮಾ ನೋಡಿ ಬಂದ ಹುಡುಗರಿಗೆ ಒಂದು ಮಾತು: ಗುಣಾ ಗುಹೆಯನ್ನು ಬೇಲಿಯ ಹೊರಗಿನಿಂದ ನೋಡಬಹುದು ಅಷ್ಟೆ. ಒಳಗೆ ಇಳಿಯುವುದು ಅರಣ್ಯ ಇಲಾಖೆ ನಿಷೇಧಿಸಿದ ಕೆಲಸ, ಕೇಸು ಬೀಳುತ್ತದೆ. ಗುಂಪು ಬೇಡ ಅನ್ನುವವರು ಬಸ್ ನಿಲ್ದಾಣದಿಂದಲೇ ಪೂಂಬಾರೈ, ಮನ್ನವನೂರು ಕಡೆಯ ಹಳ್ಳಿ ಬಸ್ ಹತ್ತಬಹುದು. ಬೆಳ್ಳುಳ್ಳಿ ಬೆಳೆಯುವ ಮೆಟ್ಟಿಲು ಗದ್ದೆಗಳ ಮಧ್ಯೆ ಬಸ್ಸಿನ ಕಿಟಕಿಯೇ ಪ್ರವಾಸ. ಬಸ್ ಕಡಿಮೆ, ವಾಪಸ್ ಬರುವ ಹೊತ್ತನ್ನು ಹತ್ತುವಾಗಲೇ ಕಂಡಕ್ಟರನ್ನು ಕೇಳಿಕೊಳ್ಳಬೇಕು.

ಇಳಿಯುವ ದಿನವೂ ಹೀಗೆಯೇ. ರಾತ್ರಿ ರೈಲು ಇರುವವರು ಮಧ್ಯಾಹ್ನದ ಊಟ ಮುಗಿಸಿ ಬಸ್ ಹತ್ತಿರಬೇಕು. ಭಾನುವಾರ ಸಂಜೆ ನಾಲ್ಕರ ಮೇಲೆ ಊರೇ ಒಟ್ಟಿಗೆ ಇಳಿಯಲು ಶುರು ಮಾಡುತ್ತದೆ, ಪೆರುಮಾಳ್‌ಮಲೈ ತನಕ ಬಸ್ ನಡೆದ ಹಾಗೆ ಹೋಗುತ್ತದೆ. ಸೀಟು ಬೇಕಾದವರು ದಾರಿಯ ಸ್ಟಾಪಿನಲ್ಲಿ ಕಾಯದೆ ಬಸ್ ನಿಲ್ದಾಣಕ್ಕೇ ಬಂದು ಹತ್ತಬೇಕು.